ಗೆಳೆಯನಿಗೆ ಮತ್ತೆ ಫೋನ್ ಮಾಡಬೇಕೇ?

ಭಟ್ಕಳ, ಹೊನ್ನಾವರ, ಕುಮಟಾದಂಥ ಊರುಗಳಲ್ಲಿ ಯಾರ ಜೊತೆಗೂ ಪೂರ್ತಿ ಮುಖ ತಪ್ಪಿಸಿಕೊಂಡು ಬದುಕಲಾಗದು. ಮೀನುಪೇಟೆಯಲ್ಲಿ ಸಿಗದವರು ತೇರಿನಲ್ಲಿ ಸಿಗುತ್ತಾರೆ, ಇಲ್ಲವೇ ಮದುವೆಯೂಟದ ಪಂಕ್ತಿಯಲ್ಲಿ ಎದುರು ಕೂರುತ್ತಾರೆ. ಮನೋರೋಗದ ದಿನಗಳಲ್ಲಿ ಕೆಟ್ಟುಹೋದ ಸ್ನೇಹವನ್ನು ಮತ್ತೆ ಹಿಡಿಯಬೇಕೋ ಬೇಡವೋ ಎಂದರೆ ಊರ ಬಾಯಲ್ಲಿ ಉತ್ತರಗಳು ಸಿದ್ಧವಾಗಿರುತ್ತವೆ. ಹೆಚ್ಚಿನವು ತಪ್ಪು.

‘ಹುಶಾರಿಲ್ಲದಾಗ ಬಾಯಿಂದ ಬಂದದ್ದೇ ಅವನ ಒಳಮನಸ್ಸು.’

ಅಲ್ಲ. ಉನ್ಮಾದ ಏರಿದಾಗ ನಿದ್ದೆ ಬೇಡವಾಗುತ್ತದೆ, ಮಾತು ನಿಲ್ಲುವುದಿಲ್ಲ, ಇಲ್ಲದ ದುಡ್ಡು ಖರ್ಚಾಗುತ್ತದೆ. ಖಿನ್ನತೆಯಲ್ಲಿ ಫೋನ್ ಎತ್ತದಿರುವುದು ಸೊಕ್ಕಲ್ಲ. ‘ನನ್ನ ಊಟಕ್ಕೆ ಮದ್ದು ಹಾಕಿದ್ದಾನೆ’ ಎಂಬ ಭ್ರಮೆಯ ಸಂಶಯ ಹೆಚ್ಚಾಗಿ ಜೊತೆಯಲ್ಲಿ ಉಂಡವನ ಮೇಲೇ ಬೀಳುತ್ತದೆ. ದೂರದವರು ಆ ತಟ್ಟೆಯ ಹತ್ತಿರ ಇರುವುದೇ ಇಲ್ಲವಲ್ಲ.

‘ಕಾಯಿಲೆ ಅಂದಮೇಲೆ ಕ್ಷಮಿಸಲೇಬೇಕು ಮಾರಾಯ.’

ಇದು ಕೇಳಲು ಒಳ್ಳೆಯ ಮಾತು, ಅದಕ್ಕೇ ಹೆಚ್ಚು ಹಾನಿ ಮಾಡುತ್ತದೆ. ಕಾಯಿಲೆ ನಡೆದದ್ದಕ್ಕೆ ಕಾರಣ ಕೊಡುತ್ತದೆ. ನಿಮ್ಮಿಂದ ಪಡೆದ ಸಾಲವನ್ನು ತೀರಿಸುವುದಿಲ್ಲ, ನಾಲ್ಕು ಜನರೆದುರು ಆಡಿದ್ದನ್ನು ಅಳಿಸುವುದಿಲ್ಲ. ಚೇತರಿಸಿಕೊಂಡ ಗೆಳೆಯನೊಡನೆ ಆ ವಿಷಯ ಎತ್ತುವುದು ಕ್ರೌರ್ಯವೂ ಅಲ್ಲ. ಅವನು ಕೇಳಿಸಿಕೊಳ್ಳುತ್ತಾನೋ, ಮಾತು ತಿರುಗಿಸುತ್ತಾನೋ ಎಂಬುದರಿಂದಲೇ ಮುಂದಿನದರ ಅಂದಾಜು ಸಿಗುತ್ತದೆ. ಮನೋರೋಗವಿರುವ ಬಹುಪಾಲು ಜನ ಯಾರಿಗೂ ಹೊಡೆಯುವವರಲ್ಲ. ಆದರೆ ಈ ಗೆಳೆಯ ನಿಮ್ಮ ಮೇಲೆ ಕೈ ಮಾಡಿದ್ದರೆ, ದೂರ ಉಳಿಯಲು ನಿಮಗೆ ಯಾರ ಅಪ್ಪಣೆಯೂ ಬೇಡ. ಇನ್ನೊಂದು: ಪೂರ್ತಿ ಸ್ನೇಹ ಅಥವಾ ಪೂರ್ತಿ ವಿರಸ ಎಂಬ ಎರಡೇ ದಾರಿ ಅಲ್ಲ. ಹಗಲು ಹೊತ್ತು ಹೋಟೆಲಿನಲ್ಲಿ ಅರ್ಧ ಗಂಟೆ ಚಾ ಕುಡಿಯಬಹುದು. ಸಾಲವಿಲ್ಲ, ನಡುರಾತ್ರಿಯ ಕರೆಯಿಲ್ಲ ಎಂದು ಮೊದಲೇ ಹೇಳಬಹುದು. ಎಷ್ಟೋ ಸ್ನೇಹಗಳು ಅಷ್ಟರಲ್ಲೇ ಚೆನ್ನಾಗಿರುತ್ತವೆ.

‘ಒಮ್ಮೆ ತಲೆ ಕೆಟ್ಟರೆ ಮುಗೀತು.’

ಹಲವರಲ್ಲಿ ಕಾಯಿಲೆ ಬಂದು ಹೋಗುತ್ತದೆ, ನಡುವೆ ವರ್ಷಗಟ್ಟಲೆ ಆರಾಮಿರುತ್ತಾರೆ. ಹಿಂದೆ ಚಿಕಿತ್ಸೆ ಪಡೆದಿದ್ದ ಮಾತ್ರಕ್ಕೆ ಇಂದೂ ಮನೋರೋಗಿ ಎಂದು ತೀರ್ಮಾನಿಸುವಂತಿಲ್ಲ ಎಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯೇ ಹೇಳುತ್ತದೆ. ಹಾಗೆಂದು ‘ಮಾತ್ರೆ ಬಿಟ್ಟೆ, ಈಗ ಆರಾಮ’ ಎಂದರೆ ಹಿಗ್ಗಬೇಕಿಲ್ಲ. ವೈದ್ಯರು ಹೇಳಿ ಬಿಟ್ಟದ್ದೋ, ತಾನೇ ಬಿಟ್ಟದ್ದೋ ಕೇಳಿ.

‘ಪಾತ್ರಿಯ ಹತ್ತಿರ ಹೋಗುವವನಿಗೆ ಬುದ್ಧಿ ಹೇಳಿ ಪ್ರಯೋಜನವಿಲ್ಲ.’

ದೈವ ಮೈಮೇಲೆ ಬರುವ ಪಾತ್ರಿಯೋ, ಡಾಕ್ಟರೋ ಎಂಬ ಜಗಳದಲ್ಲೇ ದೂರವಾದ ಗೆಳೆಯರಿದ್ದಾರೆ. ಭಟ್ಕಳದಿಂದ ದಕ್ಷಿಣಕ್ಕೆ, ಈಗಿನ ಉಡುಪಿ ಜಿಲ್ಲೆಯ ಕೋಟದಲ್ಲಿ ಮನೋವೈದ್ಯರಾದ ಮಾರಿಸ್ ಕಾರ್‌ಸ್ಟೇರ್ಸ್ ಮತ್ತು ಆರ್.ಎಲ್. ಕಪೂರ್ ಅಧ್ಯಯನ ನಡೆಸಿ 1976ರಲ್ಲಿ ಪುಸ್ತಕ ಪ್ರಕಟಿಸಿದರು. ಅಲ್ಲಿನ ಜನ ದೈವವನ್ನೂ ಡಾಕ್ಟರನ್ನೂ ಒಟ್ಟಿಗೇ ಕೇಳುತ್ತಿದ್ದರು; ಅವರಿಗೆ ಅದರಲ್ಲಿ ವಿರೋಧ ಕಂಡಿರಲಿಲ್ಲ. ನಿಮ್ಮ ಗೆಳೆಯನಿಗೂ ಕಾಣದಿರಬಹುದು. ಹರಕೆ ತೀರಿಸಲಿ, ಮಾತ್ರೆ ತಪ್ಪದಿರಲಿ.

‘ನಾನು ಕೈಬಿಟ್ಟರೆ ಅವನಿಗೆ ಯಾರೂ ಇಲ್ಲ.’

ಒಬ್ಬ ಗೆಳೆಯ ಆಸ್ಪತ್ರೆಯ ಕೆಲಸ ಮಾಡಲಾರ. ಮೊದಲೆಲ್ಲ ಮನೋವೈದ್ಯರೆಂದರೆ ಮಣಿಪಾಲವೋ ಧಾರವಾಡವೋ ಎನ್ನುತ್ತಿದ್ದ ಕಾಲವಿತ್ತು. ಈಗ ಮನೋಚೈತನ್ಯ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರುವ ಏರ್ಪಾಡಿದೆ. ನಿಮ್ಮ ತಾಲ್ಲೂಕಿಗೆ ಯಾವ ಮಂಗಳವಾರವೆಂದು ವಿಚಾರಿಸಿಕೊಳ್ಳಿ. 2022ರ ಅಕ್ಟೋಬರಿನಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿಗೆ 14416ರಲ್ಲಿ ಹಗಲೂ ರಾತ್ರಿಯೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಆದರೆ ಸಾಯುವ ಮಾತು ಬಂದರೆ ಸ್ನೇಹದ ಲೆಕ್ಕ ಬದಿಗಿಡಿ: ಮನೆಯವರಿಗೆ ತಿಳಿಸಿ, ಒಬ್ಬನನ್ನೇ ಬಿಡಬೇಡಿ.

‘ಸ್ನೇಹಿತನಿಗೆ ಕಾನೂನಿನಲ್ಲಿ ಜಾಗವಿಲ್ಲ, ಎಲ್ಲ ಮನೆಯವರದ್ದೇ.’

ಇದೆ. ಅದೇ 2017ರ ಕಾಯ್ದೆಯ 14ನೇ ಕಲಮಿನಂತೆ ವ್ಯಕ್ತಿ ತನ್ನ ಚಿಕಿತ್ಸೆಯ ವಿಷಯಕ್ಕೆ ಪ್ರತಿನಿಧಿಯನ್ನು ತಾನೇ ನೇಮಿಸಬಹುದು; ಆ ಪ್ರತಿನಿಧಿ ಸಂಬಂಧಿಕನೇ ಆಗಬೇಕಿಲ್ಲ, ಆದರೆ ಪ್ರತಿನಿಧಿಯ ಒಪ್ಪಿಗೆ ಬರವಣಿಗೆಯಲ್ಲಿರಬೇಕು. ಹಾಗಾಗಿ ಗೆಳೆಯ ಪ್ರತಿನಿಧಿಯಾಗಲು ನಿಮ್ಮ ಹೆಸರು ಕೇಳಿದರೆ ‘ಯೋಚಿಸಿ ಹೇಳುತ್ತೇನೆ’ ಎನ್ನಲು ಸಂಕೋಚ ಬೇಡ.