ಬಸ್ ಬೋರ್ಡ್ ಓದೋಕೆ ಬರುತ್ತಾ?

ಶನಿವಾರ ಸರ್ಕಾರಿ ಶಾಲೆಗೆ ಪಾಠ ಮಾಡೋಕೆ ಹೋಗೋಣ ಅಂದ್ರೆ ನಮಗೆ ಮೊದಲು ಹೊಳೆಯೋದು ನೋಟ್‌ಬುಕ್, ಬ್ಯಾಗ್ ಹಂಚೋದು. ತಪ್ಪೇನಿಲ್ಲ. ಆದ್ರೆ ಐದನೇ ಕ್ಲಾಸಿನ ಹುಡುಗ ಓದಿನಲ್ಲಿ ಎಲ್ಲಿ ಸಿಕ್ಕಿಕೊಂಡಿದ್ದಾನೆ ಅಂತ ಗೊತ್ತಿಲ್ಲದಿದ್ರೆ, ಕೊಟ್ಟ ಪುಸ್ತಕ ಹೊಸದಾಗೇ ಉಳಿಯುತ್ತೆ. ಕೋಡ್ ರನ್ ಆಗದಿದ್ದಾಗ ಎರರ್ ಯಾವ ಲೈನಲ್ಲಿದೆ ಅಂತ ಹುಡುಕ್ತೀವಲ್ಲ, ಇಲ್ಲೂ ಅದೇ ಕೆಲಸ.

ಹುಡುಕೋಕೆ ನಮ್ಮ ಜಿಲ್ಲೆಯ ಬಸ್ ಬೋರ್ಡ್‌ಗಳೇ ಸಾಕು. 'ಹಿರಿಯೂರು' ಬರೀ ಕಾಗುಣಿತ. ಒತ್ತಕ್ಷರ ಒಂದೂ ಇಲ್ಲ. ಅದನ್ನ ಸಲೀಸಾಗಿ ಓದಿದ ಮಗು 'ಹೊಳಲ್ಕೆರೆ'ಯಲ್ಲಿ ತಡವರಿಸಬಹುದು. ಯಾಕಂದ್ರೆ ಅಲ್ಲಿ ಎತ್ವ ಕಾಣೋದು 'ಲ' ಮೇಲೆ, ಉಚ್ಚಾರ ಆಗೋದು ಕೆಳಗಿರೋ 'ಕ' ಜೊತೆ. 'ಹೊಸದುರ್ಗ'ದಲ್ಲಿ ಅರ್ಕಾವೊತ್ತು: ಬರೆಯೋದು 'ಗ' ಆದ್ಮೇಲೆ, ಓದೋದು ಅದಕ್ಕಿಂತ ಮುಂಚೆ. 'ಚಿತ್ರದುರ್ಗ'ದಲ್ಲಂತೂ ತ್ರ, ರ್ಗ ಎರಡೂ ಇವೆ. ಓದಿ ಓದಿ ಅಭ್ಯಾಸವಾದ ನಮಗೆ ಇದು ಕಷ್ಟ ಅಂತ ಅನ್ನಿಸೋದೇ ಇಲ್ಲ. ಒಂದು ಎಚ್ಚರ: ತನ್ನೂರಿನ ಹೆಸರನ್ನ ಮಗು ಚಿತ್ರದ ಹಾಗೆ ಗುರುತು ಹಿಡಿದಿರುತ್ತೆ. ಅದಕ್ಕೇ 'ಮಾರ್ಗ', 'ಪತ್ರ' ತರದ ಬೇರೆ ಪದಗಳನ್ನೂ ಬರೆದು ಕೇಳಿ.

ಇನ್ನೂ ಸರಿಯಾಗಿ ಅಳೆಯಬೇಕಾದ್ರೆ ಪ್ರಥಮ್ ಸಂಸ್ಥೆಯವರು 2005ರಿಂದ ನಡೆಸ್ತಿರೋ 'ಅಸರ್' ಸಮೀಕ್ಷೆಯ ಕ್ರಮ ಇದೆ. ಅಕ್ಷರ, ಪದ, 1ನೇ ತರಗತಿ ಮಟ್ಟದ ಪ್ಯಾರಾ, 2ನೇ ತರಗತಿ ಮಟ್ಟದ ಕಥೆ. ಒಂದೊಂದೇ ಮಗುವನ್ನ ಪಕ್ಕದಲ್ಲಿ ಕೂರಿಸಿಕೊಂಡು ಓದಿಸಬೇಕು. ಆಮೇಲೆ ಕ್ಲಾಸ್ ನೋಡದೆ, ಮಟ್ಟ ನೋಡಿ ಗುಂಪು ಮಾಡಿ.

ಅಕ್ಷರದಲ್ಲೇ ನಿಂತ ಮಗುವಿಗೆ ಮತ್ತೆ ಅ, ಆ, ಇ, ಈ ಅಂತ ಹಿಡಿಯಬೇಡಿ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದ ನಲಿಕಲಿ ಪದ್ಧತಿಯಲ್ಲಿ ಮೊದಲು ಬರೋದು ರ, ಗ, ಸ, ದ, ಅ. ಐದೇ ಅಕ್ಷರಕ್ಕೆ ಸರ, ಅರಸ, ಅಗಸ, ಗರಗಸ ಎಲ್ಲಾ ಓದಬಹುದು. 'ನಂಗೂ ಓದೋಕೆ ಬರುತ್ತೆ' ಅನ್ನೋ ಧೈರ್ಯ ಬೇಗ ಬರುತ್ತೆ.

ಪದ ದಾಟಿದವರಿಗೆ ಕಥೆ ಬೇಕು. ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ತಾಣದಲ್ಲಿ ಕನ್ನಡದ ಚಿತ್ರಕಥೆಗಳು ಓದಿನ ಮಟ್ಟಕ್ಕೆ ತಕ್ಕಂತೆ ಸಿಗುತ್ತವೆ, ಉಚಿತವಾಗಿ. ಪ್ರಿಂಟ್ ಹಾಕಿ ಹಂಚೋಕೂ ಅಡ್ಡಿಯಿಲ್ಲ. ಊರಿನ ಗ್ರಾಮ ಪಂಚಾಯಿತಿ ಗ್ರಂಥಾಲಯ, ಅಂದ್ರೆ ಈಗಿನ 'ಅರಿವು ಕೇಂದ್ರ'ಕ್ಕೂ ಮಕ್ಕಳನ್ನ ಒಂದ್ಸಲ ಕರ್ಕೊಂಡು ಹೋಗಿ.

ಹೋಗೋ ಮುಂಚೆ ಮುಖ್ಯ ಶಿಕ್ಷಕರ ಒಪ್ಪಿಗೆ ತಗೊಳ್ಳಿ. ಇಂಟರ್ನಲ್ಸ್ ವಾರ ಬರೋಕಾಗಲ್ಲ ಅನ್ನೋದನ್ನೂ ಮೊದಲೇ ಹೇಳಿಬಿಡಿ, ಮಕ್ಕಳು ಕಾಯ್ತಾ ಇರ್ತಾರೆ.