ಶಕ್ತಿ ಚಿಪ್‌ಗೆ ಲಿನಕ್ಸ್: ಬೋರ್ಡ್ ಮಾತೇ ಆಡದಿದ್ದರೆ?

"ಶಕ್ತಿಗೆ ಕರ್ನಲ್ ಹೊಸದಾಗಿ ಬರೀಬೇಕಾ?" ಅಂತ ಕೇಳಿದ್ರಿ. ಬೇಡ. ಐಐಟಿ ಮದ್ರಾಸಿನ ಈ ಓಪನ್ ಸೋರ್ಸ್ ಪ್ರೊಸೆಸರ್ ರಿಸ್ಕ್-ಫೈವ್ ಜಾತಿಯದು. 2018ರಲ್ಲೇ ಅದರ ಮೇಲೆ ಲಿನಕ್ಸ್ ಬೂಟ್ ಆಗಿದೆ. ಮೂಲ ಕರ್ನಲ್‌ನಲ್ಲೂ 4.15ರಿಂದ ರಿಸ್ಕ್-ಫೈವ್ ಇದೆ. (ನಮ್ಮ ಪಕ್ಕದ ಪೊವಾಯಿ ಐಐಟಿಯ 'ಅಜಿತ್' ಸ್ಪಾರ್ಕ್ ಜಾತಿಯದು, ಅದರ ದಾರಿ ಬೇರೆ.) ಕ್ರಾಸ್ ಕಂಪೈಲರ್ ಇದ್ದರೆ ಬಿಲ್ಡ್ ಸಲೀಸು.

ಕಷ್ಟ ಇರೋದು ಡಿವೈಸ್ ಟ್ರೀಯಲ್ಲಿ. ಮೆಮೊರಿ ಎಲ್ಲಿದೆ, ಯುಎಆರ್‌ಟಿ ಎಲ್ಲಿದೆ ಅಂತ ಕರ್ನಲ್‌ಗೆ ಹೇಳೋ ಫೈಲ್ ಅದು. ಯುಎಆರ್‌ಟಿ ವಿಳಾಸ ತಪ್ಪಿದ್ರೆ ಎರರ್ ಕೂಡ ಕಾಣಲ್ಲ. ಓಪನ್‌ಎಸ್‌ಬಿಐ ಬ್ಯಾನರ್ ಬಂದು ಆಮೇಲೆ ಮೌನವಾದ್ರೆ, ಬೂಟ್ ಸಾಲಿಗೆ 'ಅರ್ಲಿಕಾನ್=ಎಸ್‌ಬಿಐ' ಸೇರಿಸಿ; ಕರ್ನಲ್ ಎಲ್ಲಿ ನಿಂತಿದೆ ಅಂತ ಗೊತ್ತಾಗುತ್ತೆ. ಶೆಲ್ ಬಂದ ಮೇಲೂ ನಂಬಬೇಡಿ. ಟೈಮ್‌ಬೇಸ್ 5 ಮೆಗಾಹರ್ಟ್ಸ್ ಇದ್ದು ನೀವು 10 ಅಂತ ಬರೆದಿದ್ರೆ, 'ಸ್ಲೀಪ್ 10' ಕೊಟ್ಟರೆ 20 ಸೆಕೆಂಡ್ ಮಲಗುತ್ತೆ. ಕೈಗಡಿಯಾರ ಹಿಡ್ಕೊಂಡು ನೋಡಿ.