ಹಳೆಯ ಡುಕಾಟಿ ಎಸ್‌ಟಿ2 ನಿತ್ಯದ ಓಡಾಟಕ್ಕೆ ಒದಗೀತೇ?

ಪ್ರಶ್ನೆ: ಇಟಲಿಯ ಹಳೆಯ ಸ್ಪೋರ್ಟ್ ಟೂರಿಂಗ್ ಬೈಕನ್ನು ದಿನವೂ ಓಡಿಸಬಹುದೇ?

ಉತ್ತರ: ಬೊಲೋನ್ಯಾದ ಡುಕಾಟಿ ಕಂಪನಿ 1997ರಲ್ಲಿ ಹೊರತಂದ ಎಸ್‌ಟಿ2, ರೇಸ್ ಬೈಕಿನ ಚುರುಕನ್ನೂ ದೂರಪ್ರಯಾಣದ ಅನುಕೂಲವನ್ನೂ ಕೂಡಿಸುವ ‘ಸ್ಪೋರ್ಟ್ ಟೂರಿಂಗ್’ ವರ್ಗದ ಗಾಡಿಯಾಗಿದ್ದು, ಹಿಂದಿನ ಮಾಲೀಕರು ಚೆನ್ನಾಗಿ ನೋಡಿಕೊಂಡಿದ್ದರೆ ಇಂದಿಗೂ ನಿತ್ಯದ ಓಡಾಟಕ್ಕೆ ಒದಗುತ್ತದೆ. ಇದರ 944 ಸಿಸಿ ಎಂಜಿನ್‌ನಲ್ಲಿ ಸಿಲಿಂಡರಿಗೆ ಎರಡೇ ವಾಲ್ವ್‌ಗಳಿರುವುದರಿಂದ, ನಾಲ್ಕು ವಾಲ್ವ್‌ಗಳ ಎಸ್‌ಟಿ4ಕ್ಕಿಂತ ನಿರ್ವಹಣೆ ಸುಲಭ. ಆದರೆ ಇಲ್ಲಿ ವಾಲ್ವನ್ನು ತೆರೆಯುವಂತೆ ಮುಚ್ಚುವುದಕ್ಕೂ ಸ್ಪ್ರಿಂಗಿನ ಬದಲು ಪ್ರತ್ಯೇಕ ಸನ್ನೆಯನ್ನೇ ಬಳಸುವ ‘ಡೆಸ್ಮೊಡ್ರೋಮಿಕ್’ ವ್ಯವಸ್ಥೆಯಿರುವುದರಿಂದ, ಅಂತರ ಹೊಂದಿಸಲು ಪಳಗಿದ ಮೆಕ್ಯಾನಿಕ್ ಬೇಕೇ ಬೇಕು.

ಕೊಳ್ಳುವವರು ಮೊದಲು ಕೇಳಬೇಕಾದದ್ದು ಟೈಮಿಂಗ್ ಬೆಲ್ಟ್, ಅಂದರೆ ವಾಲ್ವ್‌ಗಳ ಚಲನೆಯನ್ನು ಪಿಸ್ಟನ್ನಿನ ಚಲನೆಗೆ ಹೊಂದಿಸುವ ಹಲ್ಲಿನ ಪಟ್ಟಿ, ಯಾವಾಗ ಬದಲಾಯಿತೆಂಬುದನ್ನು. ರಬ್ಬರು ನಿಂತಲ್ಲೇ ಹಳತಾಗುವುದರಿಂದ ಎರಡು ವರ್ಷಕ್ಕೊಮ್ಮೆ ಅದನ್ನು ಬದಲಿಸುವುದು ವಾಡಿಕೆ. ಹರಿದರೆ ಪಿಸ್ಟನ್ ವಾಲ್ವಿಗೆ ಬಡಿದು ಎಂಜಿನ್ನೇ ಹಾಳಾಗಬಹುದು. ಹಾಗಾಗಿ ಕಡಿಮೆ ಓಡಿ ಶೆಡ್ಡಿನಲ್ಲಿ ನಿಂತ ಗಾಡಿಗಿಂತ, ಹೆಚ್ಚು ಓಡಿಯೂ ಸರ್ವಿಸ್ ದಾಖಲೆಯುಳ್ಳ ಗಾಡಿಯೇ ಮೇಲು.

ಈ ಬೈಕಿನ, ಎಣ್ಣೆಯಲ್ಲಿ ಮುಳುಗಿರದ ‘ಒಣ ಕ್ಲಚ್’ ಲಿವರ್ ಹಿಡಿದಾಗ ಕಟಕಟ ಸದ್ದು ಮಾಡುವುದು ಸಹಜವಾದರೂ, ಟ್ರಾಫಿಕ್ಕಿನಲ್ಲಿ ಅರ್ಧ ಕ್ಲಚ್ ಹಿಡಿದು ತೆವಳಿದರೆ ಪ್ಲೇಟುಗಳು ಬೇಗ ಸವೆಯುತ್ತವೆ, ಕೈಯೂ ಸೋಲುತ್ತದೆ. ಆದ್ದರಿಂದ ಹೆದ್ದಾರಿಯಲ್ಲೇ ಕಚೇರಿ ತಲುಪುವವರು ಇದನ್ನು ನಿಶ್ಚಿಂತೆಯಿಂದ ಕೊಳ್ಳಬಹುದು. ನಗರದ ನಡುವೆಯೇ ಓಡಾಡುವವರು ಕೊಳ್ಳದಿರುವುದು ಒಳಿತು.